ಕಪ್ಪು ಗ್ರಹದ ಭಯ

ಕೇಳುಗರಿಗೆ ನಮಸ್ಕಾರ.

1990ರ ಏಪ್ರಿಲ್ 10ರಂದು ಅಮೆರಿಕದಲ್ಲಿ ಬಿಡುಗಡೆಯಾದ ಒಂದು ಹಿಪ್ ಹಾಪ್ ಆಲ್ಬಮ್‌ನ ಬಗ್ಗೆ ಇಂದು ಮಾತನಾಡಲಿದ್ದೇನೆ. ಅದನ್ನು ರೂಪಿಸಿದವರು ನ್ಯೂಯಾರ್ಕ್‌ನ ‘ಪಬ್ಲಿಕ್ ಎನಿಮಿ’ ತಂಡದವರು. ಆಲ್ಬಮ್‌ನ ಹೆಸರು ‘ಫಿಯರ್ ಆಫ್ ಎ ಬ್ಲ್ಯಾಕ್ ಪ್ಲಾನೆಟ್’, ಎಂದರೆ ಕಪ್ಪು ಗ್ರಹವೊಂದರ ಭಯ. ಅದರಲ್ಲಿರುವ ಇಪ್ಪತ್ತು ಭಾಗಗಳಲ್ಲಿ ನಾಲ್ಕನೆಯದು ಹಾಡೇ ಅಲ್ಲ, ಬಾನುಲಿಯ ಸಂಭಾಷಣೆ. ತಂಡದ ಮುಖ್ಯ ಗಾಯಕ ಚಕ್ ಡಿ ನ್ಯೂಯಾರ್ಕ್‌ನ ಕೇಂದ್ರವೊಂದರಲ್ಲಿ ಅತಿಥಿಯಾಗಿದ್ದಾಗ, ಕೇಳುಗರು ದೂರವಾಣಿಯ ಮೂಲಕ ಆಡಿದ ಮಾತುಗಳನ್ನು ಕತ್ತರಿಸಿ, ತಾಳದ ಮೇಲೆ ಜೋಡಿಸಿದ್ದಾರೆ. ಇಂಥವರಿಗೆ ಬಾನುಲಿಯಲ್ಲಿ ಸಮಯವನ್ನಾದರೂ ಏಕೆ ಕೊಡುತ್ತೀರಿ ಎಂದು ಅಲ್ಲಿ ಒಬ್ಬರು ಕೇಳುತ್ತಾರೆ. ಆಫ್ರಿಕಕ್ಕೆ ಹಿಂದಿರುಗಿ ಎಂಬ ಮಾತೂ ಬರುತ್ತದೆ. ತಂಡ ತನ್ನ ಕಡೆಯಿಂದ ಒಂದು ಪದವನ್ನೂ ಸೇರಿಸದೆ ಆ ದ್ವೇಷವನ್ನು ನಮ್ಮ ಕಿವಿಗೆ ಹಾಕುತ್ತದೆ. ಈ ಆಲ್ಬಮ್ ಏಕೆ ಹುಟ್ಟಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಈ ಭಾಗವನ್ನೇ ಕೇಳಿಸುತ್ತೇನೆ.

ಬಾನುಲಿ ಈ ತಂಡಕ್ಕೆ ಹೊರಗಿನದಾಗಿರಲಿಲ್ಲ. 1980ರ ದಶಕದ ಆರಂಭದಲ್ಲಿ ಲಾಂಗ್ ಐಲೆಂಡ್‌ನ ಅಡೆಲ್ಫಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಚಕ್ ಡಿ, ಅಲ್ಲಿನ ವಿದ್ಯಾರ್ಥಿ ಬಾನುಲಿ ಕೇಂದ್ರದಲ್ಲಿ ಗೆಳೆಯರೊಡನೆ ಕಾರ್ಯಕ್ರಮ ನಡೆಸುತ್ತಿದ್ದರು, ಮತ್ತು ತಂಡದ ಬೀಜ ಮೊಳೆತದ್ದು ಆ ಸ್ಟುಡಿಯೋದಲ್ಲೇ. ಅವರ ಹಾಡುಗಳಲ್ಲಿ ವಾರ್ತೆಯ ತುರ್ತು, ಭಾಷಣದ ಏರಿಳಿತ, ಎರಡು ಕೇಂದ್ರಗಳ ನಡುವೆ ಮುಳ್ಳು ತಿರುಗಿಸುವಾಗ ಕೇಳುವ ಗದ್ದಲ, ಇವೆಲ್ಲ ಒಟ್ಟಿಗೇ ಇರುವುದಕ್ಕೆ ಅದೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಆ ಗದ್ದಲವನ್ನು ಕಟ್ಟಿದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ‘ಬಾಂಬ್ ಸ್ಕ್ವಾಡ್’ ಎಂದು ಹೆಸರಾದ ನಿರ್ಮಾಪಕರ ಗುಂಪು ಬಳಸಿದ, ಧ್ವನಿಯ ತುಣುಕುಗಳನ್ನು ಹಿಡಿದಿಟ್ಟು ಮರಳಿ ನುಡಿಸುವ ಯಂತ್ರಗಳಲ್ಲಿ ಎಸ್‌ಪಿ-1200 ಎಂಬುದೊಂದು. ಅದರ ಸ್ಮೃತಿಯಲ್ಲಿ ಹಿಡಿಯುತ್ತಿದ್ದದ್ದು ಒಟ್ಟು ಸುಮಾರು 10 ಸೆಕೆಂಡುಗಳ ಧ್ವನಿ ಮಾತ್ರ. ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ಗ್ರಾಮಫೋನ್ ತಟ್ಟೆಯನ್ನು 45 ಸುತ್ತಿನ ವೇಗದಲ್ಲಿ ನುಡಿಸಿ ಯಂತ್ರಕ್ಕೆ ತುಂಬಿಸುವುದು, ಆಮೇಲೆ ಯಂತ್ರದೊಳಗೆ ಅದನ್ನು ಮತ್ತೆ ನಿಧಾನಗೊಳಿಸುವುದು, ಆ ಕಾಲದ ಕಸುಬುದಾರರು ಜಾಗ ಉಳಿಸಿಕೊಳ್ಳಲು ಕಂಡುಕೊಂಡಿದ್ದ ಉಪಾಯ. ಹಾಗೆ ಮಾಡಿದಾಗ ಧ್ವನಿಯ ನಯ ಸವೆದು, ಒಂದು ಬಗೆಯ ಮರಳು ಮರಳಾದ ಒರಟುತನ ಉಳಿಯುತ್ತದೆ. ಹಳೆಯ ಫಂಕ್ ಹಾಡಿನ ಡ್ರಮ್ ಪೆಟ್ಟು, ಯಾರದೋ ಕಿರುಚು, ಕಹಳೆಯ ಒಂದೇ ಒಂದು ಸ್ವರ, ಭಾಷಣದ ಅರ್ಧ ವಾಕ್ಯ, ಹೀಗೆ ನೂರಕ್ಕೂ ಮಿಕ್ಕಿದ ತುಣುಕುಗಳನ್ನು ಪದರ ಪದರವಾಗಿ ಪೇರಿಸಿ ಅವರು ಈ ಆಲ್ಬಮ್ ಕಟ್ಟಿದರು. ಕಪ್ಪು ಜನರ ಸಂಗೀತದ ಚರಿತ್ರೆಯನ್ನೇ ಒಡೆದು, ಅದರ ಚೂರುಗಳಿಂದ ಹೊಸ ಗೋಡೆ ಎಬ್ಬಿಸಿದಂತೆ. 1991ರ ಕೊನೆಯಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯವೊಂದು ಬೇರೊಬ್ಬ ಗಾಯಕನ ಪ್ರಕರಣದಲ್ಲಿ, ಅನುಮತಿ ಇಲ್ಲದೆ ತುಣುಕು ಬಳಸುವುದು ಕಳ್ಳತನಕ್ಕೆ ಸಮವೆಂದು ತೀರ್ಪಿತ್ತ ಮೇಲೆ, ಪ್ರತಿ ಚೂರಿಗೂ ಹಣ ತೆರಬೇಕಾಗಿ ಬಂದು, ಈ ವಿಧಾನ ಹೆಚ್ಚುಕಡಿಮೆ ನಿಂತೇ ಹೋಯಿತು.

ಹಾಡುಗಳ ವಸ್ತು ಅಂದಿನ ನ್ಯೂಯಾರ್ಕ್‌ನ ಬೀದಿಗಳಿಂದ ನೇರವಾಗಿ ಬಂದದ್ದು. 1989ರ ಆಗಸ್ಟ್‌ನಲ್ಲಿ, ಮಾರಾಟಕ್ಕಿದ್ದ ಹಳೆಯ ಕಾರೊಂದನ್ನು ನೋಡಲು ಗೆಳೆಯರೊಡನೆ ಬ್ರೂಕ್ಲಿನ್‌ನ ಬೆನ್ಸನ್‌ಹರ್ಸ್ಟ್‌ಗೆ ಹೋಗಿದ್ದ 16 ವರ್ಷದ ಕಪ್ಪು ಹುಡುಗ ಯೂಸುಫ್ ಹಾಕಿನ್ಸ್‌ನನ್ನು ಬಿಳಿಯ ಯುವಕರ ಗುಂಪು ಸುತ್ತುಗಟ್ಟಿತು. ಅವರಲ್ಲೊಬ್ಬನ ಗುಂಡಿಗೆ ಆತ ಬಲಿಯಾದ. ಐದನೆಯ ಭಾಗವಾದ ‘ವೆಲ್‌ಕಮ್ ಟು ದ ಟೆರರ್‌ಡೋಮ್’ ಎಂಬ ಹಾಡಿನಲ್ಲಿ ಆ ಕೊಲೆಯ ಪ್ರಸ್ತಾಪವಿದೆ. ಕಪ್ಪು ಜನರ ಕೇರಿಗಳಿಗೆ ಆಂಬುಲೆನ್ಸ್ ಸಕಾಲಕ್ಕೆ ಬರುವುದಿಲ್ಲ ಎಂಬ ದೂರನ್ನು ತಂಡದ ಇನ್ನೊಬ್ಬ ಗಾಯಕ ಫ್ಲೇವರ್ ಫ್ಲಾವ್ ಮತ್ತೊಂದು ಹಾಡಿನಲ್ಲಿ ಕುಣಿಸುವ ಲಯದಲ್ಲಿ ಹೇಳುತ್ತಾರೆ. ಶೀರ್ಷಿಕೆಯ ಹಾಡಾದರೋ, ಬಣ್ಣಗಳು ಬೆರೆತರೆ ತಮ್ಮ ಕುಲ ಅಳಿಯುತ್ತದೆ ಎಂದು ನಡುಗುವವರನ್ನು ಎದುರಿಗೆ ನಿಲ್ಲಿಸಿಕೊಂಡು, ಬೆರೆತರೆ ಆಗುವ ಕೇಡೇನು ಎಂದು ಕೇಳುತ್ತದೆ.

ಇನ್ನು ವಿವಾದದ ವಿಷಯ. 1989ರ ಮೇ ತಿಂಗಳಲ್ಲಿ ಪ್ರಕಟವಾದ ಸಂದರ್ಶನವೊಂದರಲ್ಲಿ ತಂಡದ ಸದಸ್ಯ ಪ್ರೊಫೆಸರ್ ಗ್ರಿಫ್, ಜಗತ್ತಿನ ಕೆಡುಕುಗಳಲ್ಲಿ ಬಹುಪಾಲಿಗೆ ಯಹೂದ್ಯರೇ ಹೊಣೆ ಎಂದುಬಿಟ್ಟರು. ದೊಡ್ಡ ಕೋಲಾಹಲವೆದ್ದಿತು. ಗ್ರಿಫ್ ಅವರನ್ನು ತಂಡದಿಂದ ತೆಗೆಯುವುದಾಗಿ ಚಕ್ ಡಿ ಪ್ರಕಟಿಸಿದರು, ತಂಡವೇ ಮುಗಿಯಿತು ಎಂಬ ಸುದ್ದಿಯೂ ಹೊರಟಿತು, ಅಷ್ಟರಲ್ಲೇ ತಂಡ ಮತ್ತೆ ಕಾಣಿಸಿಕೊಂಡಿತು. ಅಲ್ಲಿಗೂ ತಿದ್ದಿಕೊಳ್ಳುವ ಅವಕಾಶವಿತ್ತು. ಆದರೆ ಆ ಗೊಂದಲಕ್ಕೆ ಉತ್ತರವೆಂಬಂತೆ ಚಕ್ ಡಿ ಬರೆದ ‘ಟೆರರ್‌ಡೋಮ್’ ಹಾಡಿನಲ್ಲಿ, ಯೇಸುವನ್ನು ಶಿಲುಬೆಗೇರಿಸಿದ ಹೊಣೆ ಯಹೂದ್ಯರದು ಎಂಬ ಶತಮಾನಗಳ ಹಳೆಯ ಅಪವಾದದ ನೆರಳು ಬಿದ್ದ ಸಾಲುಗಳಿವೆ, ಮತ್ತು ಯಹೂದಿ ಸಂಘಟನೆಗಳು ಅವನ್ನು ಪ್ರತಿಭಟಿಸಿದವು. ಅವರ ಪ್ರತಿಭಟನೆ ನ್ಯಾಯವಾಗಿತ್ತು ಎಂದೇ ನನ್ನ ಅಭಿಪ್ರಾಯ. ಆ ಅಪವಾದದ ಹೆಸರಿನಲ್ಲಿ ಯೂರೋಪಿನಲ್ಲಿ ನೆತ್ತರು ಹರಿದಿದೆ. ‘ಟೆರರ್‌ಡೋಮ್’ ಆದ ಮೇಲಿನ ಭಾಗವೇ ಸಲಿಂಗಿಗಳನ್ನು ಹೀಯಾಳಿಸುವ ಒಂದು ಸಣ್ಣ ತುಣುಕು; ಅದನ್ನೂ ನಾನು ಸಮರ್ಥಿಸಲಾರೆ.

ಭಾಗಗಳ ಈ ಅನುಕ್ರಮ ನನ್ನನ್ನು ಬಹಳ ಕಾಡಿದೆ. ನಾಲ್ಕನೆಯದರಲ್ಲಿ ಬಾನುಲಿಯ ಕೇಳುಗರು ಒಂದು ಇಡೀ ಜನಾಂಗವನ್ನು ಹಳಿಯುತ್ತಾರೆ. ಅದು ಮುಗಿಯುತ್ತಲೇ ಐದನೆಯದರಲ್ಲಿ, ಹಳಿಸಿಕೊಂಡ ವ್ಯಕ್ತಿ ಇನ್ನೊಂದು ಜನಾಂಗದತ್ತ ಅದೇ ಬೆರಳನ್ನು ತಿರುಗಿಸುತ್ತಾರೆ. ಆದರೂ ಅದೇ ಐದನೆಯ ಹಾಡಿನಲ್ಲಿ ಕೊಲೆಯಾದ ಹುಡುಗನ ನೆನಪಿದೆ, ಮತ್ತು ಲಯ, ದನಿ, ಬರವಣಿಗೆ ಮೂರರಲ್ಲೂ ಅದಕ್ಕೆ ಸಾಟಿಯಾದ ಹಾಡು ಆ ಕಾಲದ ರ‍್ಯಾಪ್‌ನಲ್ಲಿ ಹೆಚ್ಚಿಲ್ಲ. ಕೆಟ್ಟ ಸಾಲುಗಳನ್ನು ಅಳಿಸಿ ಉಳಿದದ್ದನ್ನಷ್ಟೇ ಕೇಳುತ್ತೇನೆ ಎಂದರೆ ನಾವು ಈ ಆಲ್ಬಮ್ಮನ್ನು ಕೇಳಿದಂತಾಗುವುದಿಲ್ಲ. ಆ ಸಾಲುಗಳಿಗಾಗಿ ಇಡೀ ಕೃತಿಯನ್ನೇ ಎಸೆಯುತ್ತೇನೆ ಎಂದರೆ ಬೆನ್ಸನ್‌ಹರ್ಸ್ಟ್‌ನ ಹುಡುಗನ ದನಿಯೂ ಅದರೊಡನೆ ಹೋಗುತ್ತದೆ. ನಾನು ಅದನ್ನು ಇಡಿಯಾಗಿ ಕೇಳುತ್ತೇನೆ, ಆ ಸಾಲುಗಳು ಬಂದಾಗ ಪ್ರತಿ ಸಲವೂ ನೋಯುತ್ತೇನೆ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಕಾಪಿಡಬೇಕಾದ ಧ್ವನಿಮುದ್ರಣಗಳ ತನ್ನ ರಾಷ್ಟ್ರೀಯ ಪಟ್ಟಿಗೆ 2004ರ ಸಾಲಿನಲ್ಲಿ ಈ ಆಲ್ಬಮ್ಮನ್ನು ಸೇರಿಸಿತು. ಹೀಗೆ, ಇವರಿಗೆ ಬಾನುಲಿಯಲ್ಲಿ ಸಮಯ ಕೊಡಬೇಡಿ ಎಂದು ಅಂದು ದೂರವಾಣಿಯಲ್ಲಿ ಕೂಗಾಡಿದವರ ದನಿಯೂ ಆ ಭಂಡಾರದಲ್ಲಿ ಉಳಿದಿದೆ, ಅದರ ಬೆನ್ನಿಗೇ ಚಕ್ ಡಿಯ ದನಿ ಏಳುತ್ತದೆ.

ನಮಸ್ಕಾರ.