ಹೆರಿಗೆ ಮಾಡಿಸಲು ಹೋದವಳ ಮಕ್ಕಳು ಎಲ್ಲಿ ಮಲಗುತ್ತಾರೆ?

ಪ್ರಾಚಾರ್ಯರೇ, ಬೋಧಕ ವರ್ಗದ ಹಿರಿಯರೇ, ನರ್ಸಿಂಗ್ ಓದುತ್ತಿರುವ ತಂಗಿಯರೇ, ಆಳಂದ, ಚಿಂಚೋಳಿ, ಜೇವರ್ಗಿ ಕಡೆಯಿಂದ ಈ ಬಿಸಿಲಲ್ಲೂ ಬಸ್ಸು ಹಿಡಿದು ಬಂದಿರುವ ಆಶಾ ಅಕ್ಕಂದಿರೇ,

ಮೇ 5 ಅಂತರರಾಷ್ಟ್ರೀಯ ಸೂಲಗಿತ್ತಿಯರ ದಿನ. ಈ ದಿನ ಹೆರುವ ತಾಯಿಯ ಬಗ್ಗೆ, ಹುಟ್ಟುವ ಕೂಸಿನ ಬಗ್ಗೆ ಮಾತಾಡುವುದು ವಾಡಿಕೆ. ಕಲಬುರಗಿಯ ಈ ಸಭೆಯಲ್ಲಿ ನಾನು ಹೆರಿಗೆ ಮಾಡಿಸಲು ಹೋಗುವ ಹೆಣ್ಣಿನ ಮನೆಯಲ್ಲಿ ಉಳಿದುಬಿಡುವ ಮಕ್ಕಳ ಬಗ್ಗೆ ಮಾತಾಡುತ್ತೇನೆ. ಹನ್ನೊಂದು ವರ್ಷ ಹೆರಿಗೆ ಕೋಣೆಯಲ್ಲಿ ನರ್ಸ್ ಆಗಿ, ಈಚಿನ ಕೆಲವು ವರ್ಷ ಹೆರುವವಳ ಜೊತೆಗೇ ಇದ್ದು ಧೈರ್ಯ ಕೊಡುವ ಹೆರಿಗೆ ಸಂಗಾತಿಯಾಗಿ ದುಡಿದ, ಎರಡು ಮಕ್ಕಳನ್ನು ಸಾಕಿದ ನನಗೆ ಈ ಕಸುಬಿನ ಅತ್ಯಂತ ಕಠಿಣ ಪ್ರಶ್ನೆ ಅದೇ ಆಗಿತ್ತು. ಆ ಪ್ರಶ್ನೆಗೆ ಯಾವ ಪಠ್ಯಪುಸ್ತಕದಲ್ಲಿಯೂ ಒಂದು ಪುಟ ಇರಲಿಲ್ಲ.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಹೆಸರು ನಿಮಗೆಲ್ಲ ಗೊತ್ತು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರು ಸ್ವತಃ ಹನ್ನೆರಡು ಮಕ್ಕಳನ್ನು ಹೆತ್ತವರು. ಅವರ ಬಗ್ಗೆ ಓದಿದಾಗಲೆಲ್ಲ, ನಡುರಾತ್ರಿ ಯಾರೋ ಬಂದು ಬಾಗಿಲು ಬಡಿದಾಗ ಆ ಮಕ್ಕಳು ಯಾರ ಮಗ್ಗುಲಲ್ಲಿ ಮಲಗುತ್ತಿದ್ದರು ಎಂದು ನನ್ನ ಮನಸ್ಸು ಕೇಳುತ್ತದೆ. ನಮ್ಮ ಕಡೆಯ ದಾಯಿಯರ, ಅಂದರೆ ಹಳ್ಳಿಯ ಸೂಲಗಿತ್ತಿಯರ ಮಟ್ಟಿಗೆ ಉತ್ತರ ನನಗೆ ಗೊತ್ತಿದೆ. ಅತ್ತೆಯೋ, ನೆಗೆಣ್ಣಿಯೋ, ಓಣಿಯ ಹಿರಿಯಳೋ ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ಹೆರಿಗೆಯೂ ಅದೇ ಓಣಿಯಲ್ಲಿ, ಹೆಚ್ಚೆಂದರೆ ಪಕ್ಕದ ಹಳ್ಳಿಯಲ್ಲಿ ಆಗುತ್ತಿತ್ತು. ಮಗು ಹಸಿದರೆ ಯಾರಾದರೂ ಎತ್ತಿಕೊಂಡು ಹೋಗಿ ಹಾಲು ಕುಡಿಸಿಕೊಂಡು ಬರಬಹುದಿತ್ತು. ಇಂದು ಈ ಕಸುಬಿಗೆ ಬರುವ ಹುಡುಗಿ ಬಾಡಿಗೆ ಮನೆಯಲ್ಲಿದ್ದಾಳೆ, ಗಂಡನಿಗೆ ಬೇರೆ ಊರಲ್ಲಿ ನೌಕರಿ, ಅತ್ತೆ ಹೊಲದ ಕಡೆ. ಕರೆ ಬರುವುದು ಮಾತ್ರ ಹಿಂದಿನಂತೆ ನಡುರಾತ್ರಿಯೇ.

ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋದದ್ದು ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಅಕ್ಕಂದಿರು ಬಂದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ಶೇಕಡಾ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಆದರೆ ದಾಯಿ ಎರಡು ಕೆಲಸ ಮಾಡುತ್ತಿದ್ದಳು: ಕೂಸನ್ನು ಹಿಡಿಯುವುದು ಒಂದು, ಬ್ಯಾನಿ, ಅಂದರೆ ಹೆರಿಗೆ ನೋವು, ತಿನ್ನುವವಳ ಕೈ ಹಿಡಿಯುವುದು ಇನ್ನೊಂದು. ಮೊದಲನೆಯದನ್ನು ಡಾಕ್ಟರೂ ನರ್ಸೂ ಆಕೆಗಿಂತ ಸುರಕ್ಷಿತವಾಗಿ ಮಾಡುತ್ತಾರೆ. ಎರಡನೆಯದು ಆಸ್ಪತ್ರೆಯ ಬಾಗಿಲ ಹೊರಗೆ ಉಳಿಯಿತು. 2016ರಲ್ಲಿ ಕೇಂದ್ರ ಸರಕಾರ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅನುಮತಿ ಕೊಟ್ಟಿತು. ಹಿಂದೆ ಹೆತ್ತ ಅನುಭವವಿರುವ ಹೆಂಗಸಾದರೆ ಒಳ್ಳೆಯದು, ಶುಚಿಯಾದ ಬಟ್ಟೆ ತೊಟ್ಟಿರಬೇಕು, ಕೊನೆಯವರೆಗೂ ಜೊತೆಗಿರಬೇಕು, ಚಿಕಿತ್ಸೆಯಲ್ಲಿ ಕೈ ಹಾಕಬಾರದು ಎಂಬುದು ಅದರ ಸಾರ. ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ 2017ರ ವಿಮರ್ಶೆಯು 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಎಡೆಬಿಡದೆ ಜೊತೆಗಾರ್ತಿ ಇದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಅವಧಿಯೂ ತುಸು ಕಡಿಮೆ ಎಂದು ಕಂಡುಕೊಂಡಿತು. ಈ ಜೊತೆಗಾರ್ತಿಯ ಕೆಲಸವನ್ನೇ ಕಸುಬಾಗಿ ಮಾಡುವವಳನ್ನು ಡೂಲಾ ಎನ್ನುತ್ತಾರೆ. ಸೇವಕಿ ಎಂಬ ಅರ್ಥದ ಗ್ರೀಕ್ ಪದ ಅದು. ಡೂಲಾ ಒಳಪರೀಕ್ಷೆ ಮಾಡುವುದಿಲ್ಲ, ಸೂಜಿ ಮುಟ್ಟುವುದಿಲ್ಲ, ಔಷಧ ಹೇಳುವುದಿಲ್ಲ. ಮಿಡ್‌ವೈಫ್ ಇವೆಲ್ಲವನ್ನೂ ಕಲಿತವಳು, ನೋಂದಣಿ ಪಡೆದವಳು, ಹೆರಿಗೆಯ ಹೊಣೆ ಹೊರುವವಳು. ಇವೆರಡನ್ನೂ ಕಲಸಿಕೊಂಡರೆ ಜೀವಕ್ಕೇ ಅಪಾಯವಿದೆ.

ಸಂಗಾತಿ ಏನು ಮಾಡುತ್ತಾಳೆ ಎಂದು ನನ್ನನ್ನು ಬಹಳ ಜನ ಕೇಳುತ್ತಾರೆ. ಚಿಂಚೋಳಿ ಕಡೆಯ ಒಂದು ತಾಂಡಾದ ಹುಡುಗಿ, ಚೊಚ್ಚಲು. ಆಕೆಗೆ ಕನ್ನಡ ಅಷ್ಟಕ್ಕಷ್ಟೇ, ನನಗೆ ಲಂಬಾಣಿ ಹತ್ತಾರು ಪದ. ಪ್ರತಿ ಬ್ಯಾನಿಗೂ ಆಕೆ ‘ಯಾಡಿ, ಯಾಡಿ’ ಎಂದು ತಾಯಿಯನ್ನು ಕರೆಯುತ್ತಿದ್ದಳು. ಮಂಚದ ಅಂಚಿಗೆ ಎರಡೂ ಕೈ ಊರಿ ಬಾಗಿ ನಿಲ್ಲಲು ಹೇಳಿ, ಬ್ಯಾನಿ ಏರುವಾಗ ಟೊಂಕದ ಕೆಳಗಿನ ಎಲುಬಿನ ಮೇಲೆ ಅಂಗೈಯ ಬುಡದಿಂದ ಗಟ್ಟಿಯಾಗಿ ಒತ್ತಿ ಹಿಡಿದೆ. ಇಳಿದೊಡನೆ ಕೈ ಸಡಿಲಿಸಿ, ಎರಡು ಗುಟುಕು ನೀರು ಕುಡಿಸಿ, ಬೆವರು ಒರೆಸಿದೆ. ಉಸಿರನ್ನು ಉದ್ದಕ್ಕೆ ಹೊರಬಿಡುವುದನ್ನು ನಾನೇ ಸದ್ದು ಮಾಡಿ ತೋರಿಸಿದೆ. ಹೀಗೆ ಆರು ತಾಸು ನಡೆಯಿತು. ನಾಲ್ಕನೆಯ ತಾಸಿಗೆ ನನ್ನ ಮಣಿಕಟ್ಟು ನಡುಗುತ್ತಿತ್ತು, ಆದರೆ ಕೈ ತೆಗೆದರೆ ಆಕೆ ಹಿಂತಿರುಗಿ ನೋಡುತ್ತಿದ್ದಳು. ಆ ಆರು ತಾಸೂ ನನ್ನ ಮಗ ಪಕ್ಕದ ಮನೆಯ ಖಾಲಾರ ಬಳಿ ಇದ್ದ. ಅವನು ಉಂಡಿದ್ದಾನೆ, ಮಲಗಿದ್ದಾನೆ ಎಂದು ಗೊತ್ತಿದ್ದುದರಿಂದಲೇ ನನ್ನ ಕೈ ಅಲ್ಲಿ ನಿಂತಿತು. ಸಂಗಾತಿಯ ಮನಸ್ಸು ಮನೆಯ ಕಡೆ ಓಡುತ್ತಿದ್ದರೆ ಹೆರುವವಳಿಗೆ ಅದು ಮೊದಲೇ ತಿಳಿಯುತ್ತದೆ.

ಹಾಗಾದರೆ ಎಷ್ಟು ಹೊತ್ತಿನ ವ್ಯವಸ್ಥೆ ಬೇಕು? ಇದಕ್ಕೆ ಲೆಕ್ಕ ಇದೆ. ತಾಯಿ ಕಾರ್ಡಿನಲ್ಲಿ ಬರೆದ ತಾರೀಖಿಗೇ ಹೆರುವವರು ಇಪ್ಪತ್ತರಲ್ಲಿ ಒಬ್ಬರು ಮಾತ್ರ. ಆದ್ದರಿಂದ ಸಂಗಾತಿಯಾದವಳು ಒಬ್ಬ ಬಸುರಿಗಾಗಿ 38ನೇ ವಾರದಿಂದ 42ನೇ ವಾರದವರೆಗೆ ಹಗಲೂ ರಾತ್ರಿಯೂ ಕರೆಗೆ ಸಿದ್ಧಳಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸಿನ ಪ್ರಕಾರ ಗರ್ಭಕೊರಳು, ಅಂದರೆ ಗರ್ಭಕೋಶದ ಬಾಯಿ, 5 ಸೆಂ.ಮೀ. ತೆರೆದ ಮೇಲೆ ಜೋರು ಬೇನೆಯ ಹಂತ; ಚೊಚ್ಚಲಿಗೆ ಅದು ಸಾಮಾನ್ಯವಾಗಿ 12 ತಾಸು ಮೀರುವುದಿಲ್ಲ. ಆ ಮೇಲೆ ಮುಕ್ಕುವ, ಅಂದರೆ ಕೂಸನ್ನು ಹೊರತಳ್ಳುವ ಹಂತಕ್ಕೆ 3 ತಾಸಿನವರೆಗೆ, ಹೆತ್ತ ನಂತರ ಮೊದಲ ಹಾಲು ಕುಡಿಸಿ ಮುಗಿಸಲು ಇನ್ನೆರಡು ತಾಸು, ಹೋಗಿ ಬರುವ ದಾರಿ ಬೇರೆ. ಅಂದರೆ ಒಂದು ಹಗಲು ಮತ್ತು ಒಂದು ರಾತ್ರಿ ಮಕ್ಕಳನ್ನು ನೋಡಿಕೊಳ್ಳುವವರು ಇರಲೇಬೇಕು. ‘ಸಂಜೀತನಕ ನೋಡ್ಕೋರಿ’ ಎಂದು ಬಿಟ್ಟುಹೋಗುವ ಕೆಲಸ ಇದಲ್ಲ. ಶಾಲೆಗೆ ಹೋಗುವ ಮಕ್ಕಳಿರುವವರು ತಿಂಗಳಿಗೆ ಇಬ್ಬರಿಗಿಂತ ಹೆಚ್ಚು ಬಸುರಿಯರನ್ನು ಒಪ್ಪಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಲೆಕ್ಕವನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಸಂಗಾತಿಯ ಕೆಲಸ ಆರಂಭಿಸಿದ ಎರಡನೆಯ ವರ್ಷ. ರಾತ್ರಿ ಒಂದೂವರೆಗೆ ಫೋನು ಬಂತು. ಮಗನಿಗೆ ಅಂದು 103 ಡಿಗ್ರಿ ಜ್ವರ, ಗಂಡ ರಾಯಚೂರಿನಲ್ಲಿ, ಖಾಲಾ ಮದುವೆಗೆ ಬೀದರಿಗೆ ಹೋಗಿದ್ದರು. ನಾನು ‘ಬರ್ತೀನಿ ಯವ್ವಾ, ಅರ್ಧ ತಾಸಿನ್ಯಾಗ’ ಎಂದುಬಿಟ್ಟೆ. ಹೋಗಲು ಸಾಧ್ಯವಿಲ್ಲವೆಂದು ನನಗೇ ಗೊತ್ತಿತ್ತು, ಆದರೆ ಬಾಯಿಗೆ ಇಲ್ಲ ಎನ್ನಲು ಬರಲಿಲ್ಲ. ಹಸಿ ಬಟ್ಟೆ ಹಾಕುತ್ತ, ಇನ್ನೇನು ಜ್ವರ ಇಳಿಯುತ್ತದೆ ಎಂದು ಕಾಯುತ್ತ, ಆಕೆಯ ತಾಯಿಗೆ ನಿಜ ಹೇಳುವ ಹೊತ್ತಿಗೆ ಮೂರೂವರೆ ಆಗಿತ್ತು. ಬೆಳಗಿನ ಜಾವ ಹೆರಿಗೆಯಾಯಿತು, ತಾಯಿ ಕೂಸು ಕ್ಷೇಮ. ಐದನೆಯ ದಿನ ಅಳವಿ, ಬೆಲ್ಲ ಕಟ್ಟಿಕೊಂಡು ನೋಡಲು ಹೋದೆ. ಆ ಬಾಣಂತಿ ಸಿಟ್ಟಾಗಲಿಲ್ಲ. ‘ಬರೂದಿಲ್ಲಂತ ಹೇಳಿದ್ರ ನಮ್ಮ ಚಿಗವ್ವಗರ ಕರೀತಿದ್ದೆ ಅಕ್ಕಾ. ನೀವು ಬರ್ತೀರಂತ ಬಾಗಲಾನೇ ನೋಡ್ಕೋತ ಹಡದೆ’ ಎಂದಳು. ಜ್ವರದ ಮಗುವಿನ ಬಳಿ ಉಳಿದದ್ದು ತಪ್ಪಲ್ಲವೆಂದು ಇಂದಿಗೂ ನಂಬುತ್ತೇನೆ. ನನಗೊಬ್ಬ ಜೋಡಿ ಇಲ್ಲದೆ ಆ ಹೆಣ್ಣಿಗೆ ಮಾತು ಕೊಟ್ಟದ್ದು ತಪ್ಪು.

ಅಂದಿನಿಂದ ನಾನು ಒಬ್ಬಳೇ ಕೆಲಸ ಒಪ್ಪಿಕೊಂಡಿಲ್ಲ. ನನ್ನ ಜೋಡಿಗಾರ್ತಿಯೂ ನರ್ಸ್ ಆಗಿದ್ದವಳು, ಆಕೆಗೆ ಮೂರು ಮಕ್ಕಳು. ಬಸುರಿಯನ್ನು 34ನೇ ವಾರದಲ್ಲಿ ಇಬ್ಬರೂ ಒಟ್ಟಿಗೆ ಭೇಟಿಯಾಗುತ್ತೇವೆ, ಆಕೆಗೆ ಇಬ್ಬರ ಮುಖವೂ ಗುರುತಿರುತ್ತದೆ. ನಾನು ಹೋದಾಗ ನನ್ನ ಮಕ್ಕಳು ಆಕೆಯ ಮನೆಯಲ್ಲಿ, ಆಕೆ ಹೋದಾಗ ಆಕೆಯ ಮಕ್ಕಳು ನಮ್ಮಲ್ಲಿ, ಇಬ್ಬರೂ ಸಿಕ್ಕಿಬಿದ್ದರೆ ಖಾಲಾ. ಹಣ ಕೊಡಬಲ್ಲ ಮನೆಯವರ ಮುಂದೆ ಸಂಭಾವನೆಯನ್ನು ಮೂರು ಭಾಗವಾಗಿ ಬಿಡಿಸಿ ಹೇಳುತ್ತೇವೆ: ಹೆರಿಗೆಗೆ ಬಂದವಳ ಪಾಲು, ಕರೆಗಾಗಿ ಕಾದವಳ ಪಾಲು, ಮಕ್ಕಳನ್ನು ನೋಡಿಕೊಂಡವರ ಪಾಲು. ಮೂರನೆಯದನ್ನು ಹೇಳಲು ಮೊದಮೊದಲು ಸಂಕೋಚವಾಗುತ್ತಿತ್ತು. ತಂಗಿಯರೇ, ನೀವು ಸಂಕೋಚಪಡಬೇಡಿ. ಆಟೋದ ಬಾಡಿಗೆ ಕೇಳಲು ನಾಚದವರು ಇದಕ್ಕೇಕೆ ನಾಚಬೇಕು? ಸರಕಾರಿ ದವಾಖಾನೆಗೆ ಬರುವ ಬಡ ಹೆಣ್ಣುಮಕ್ಕಳಿಂದ ನಾವು ಏನನ್ನೂ ತೆಗೆದುಕೊಳ್ಳುವುದಿಲ್ಲ, ಆದರೆ ಅಂಥ ಹೆರಿಗೆಗೆ ಹೋದಾಗಲೂ ಖಾಲಾರ ಪಾಲು ನಮ್ಮ ಕೈಯಿಂದ ಅವರಿಗೆ ಸಲ್ಲುತ್ತದೆ.

ಹಾಲೂಡಿಸುವ ತಾಯಂದಿರಿಗೆ ಒಂದು ಮಾತು. ಹಿಂಡಿಟ್ಟ ಎದೆಹಾಲು ಹೊರಗೆ ನಾಲ್ಕು ತಾಸು ಕೆಡುವುದಿಲ್ಲ ಎಂದು ಓದಿರುತ್ತೀರಿ. ಆ ಮಾತು 25 ಡಿಗ್ರಿ ಸೆಲ್ಸಿಯಸ್ಸಿನ ಕೋಣೆಗೆ ಅನ್ವಯಿಸುತ್ತದೆ. 40 ದಾಟುವ ನಮ್ಮ ಬೇಸಿಗೆಯಲ್ಲಿ ಅದನ್ನು ನಂಬಬೇಡಿ. ಹಿಂಡಿದ ಕೂಡಲೇ ಫ್ರಿಜ್ಜಿನ ಒಳಭಾಗದಲ್ಲಿಡಿ, ಬಾಗಿಲಿನ ಅರೆಯಲ್ಲಿ ಬೇಡ, ಡಬ್ಬಿಯ ಮೇಲೆ ಹೊತ್ತು ಬರೆಯಿರಿ, 24 ತಾಸಿನೊಳಗೆ ಕುಡಿಸಿಬಿಡಿ.

ಓದನ್ನು ಯಾವಾಗ ಮುಂದುವರಿಸಬೇಕು ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ನರ್ಸಿಂಗ್ ಕೋರ್ಸುಗಳಲ್ಲಿ ಎ.ಎನ್.ಎಂ. ಎರಡು ವರ್ಷ, ಜಿ.ಎನ್.ಎಂ. ಮೂರು, ಬಿ.ಎಸ್ಸಿ. ನರ್ಸಿಂಗ್ ನಾಲ್ಕು. 2018ರ ಡಿಸೆಂಬರಿನಲ್ಲಿ ಬಂದ ಕೇಂದ್ರದ ಮಿಡ್‌ವೈಫರಿ ಮಾರ್ಗಸೂಚಿಯು ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿಯನ್ನೂ, ಮಿಡ್‌ವೈಫ್‌ಗಳೇ ನಡೆಸುವ ಹೆರಿಗೆ ಘಟಕಗಳನ್ನೂ ಹೇಳುತ್ತದೆ. ನಮಗೆ ಹತ್ತಿರದ ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ 2011ರಲ್ಲೇ ಮಿಡ್‌ವೈಫ್ ತರಬೇತಿ ಆರಂಭಿಸಿತ್ತು. ಇಂಥ ತರಬೇತಿ ಎಂದರೆ ಬಹುಮಟ್ಟಿಗೆ ಊರು ಬಿಡುವುದು. ಮಗುವಿಗೆ ವರ್ಷ ತುಂಬುವ ಮೊದಲು ಹೋದ ಗೆಳತಿಯರಲ್ಲಿ ಅರ್ಧಕ್ಕೆ ಬಿಟ್ಟು ಬಂದವರನ್ನೂ, ತವರುಮನೆಯನ್ನೇ ಜೊತೆಗೆ ಕರೆದುಕೊಂಡು ಹೋಗಿ ಮುಗಿಸಿದವರನ್ನೂ ಕಂಡಿದ್ದೇನೆ. ಇಬ್ಬರ ಬುದ್ಧಿಯಲ್ಲಿ ವ್ಯತ್ಯಾಸ ಇರಲಿಲ್ಲ, ಮಗು ಹಿಡಿಯುವ ಕೈಗಳ ಲೆಕ್ಕದಲ್ಲಿ ಇತ್ತು. ಮಕ್ಕಳು ಚಿಕ್ಕವರಿರುವಾಗ ಬಾಣಂತಿ ಆರೈಕೆ, ಹಾಲೂಡಿಸುವ ಸಲಹೆ, ಬಸುರಿಯರ ತರಗತಿಗಳಂಥ ಹಗಲು ಕೆಲಸ ಮಾಡುತ್ತ, ಅವರು ಶಾಲೆಗೆ ಹತ್ತಿದ ಮೇಲೆ ರಾತ್ರಿಯ ಕರೆಗಳಿಗೆ ಕೈ ಹಾಕುವವರೂ ಇದ್ದಾರೆ. ಅದನ್ನು ಹಿಂದೆ ಬಿದ್ದಂತೆ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ.

ಇನ್ನು ಆಡಳಿತದಲ್ಲಿರುವವರಿಗೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯ ತಿದ್ದುಪಡಿ ತಂದ ನಿಯಮದ ಪ್ರಕಾರ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಬಹುದು. ಆದರೆ ಹೆರಿಗೆ ಕೋಣೆಯ ನರ್ಸ್‌ಗೆ ಆ ಕೊಠಡಿ ಬೇಕಾಗುವುದು ರಾತ್ರಿ. ನಾನು ದುಡಿದ ಒಂದು ಆಸ್ಪತ್ರೆಯಲ್ಲಿ ಎಂಟು ತಿಂಗಳ ಮಗನನ್ನು ಔಷಧ ಉಗ್ರಾಣದ ಪಕ್ಕ ಚಾಪೆಯ ಮೇಲೆ ಮಲಗಿಸಿ ನೈಟ್ ಡ್ಯೂಟಿ ಮಾಡಿದ್ದೇನೆ. ಸ್ವೀಪರ್ ಆಯಿ ಒಬ್ಬರು ತಮ್ಮ ಸೆರಗಿನಿಂದ ಅವನಿಗೆ ಸೊಳ್ಳೆ ಓಡಿಸುತ್ತಿದ್ದರು. ಅದು ಅವರ ಕೆಲಸವಾಗಿರಲಿಲ್ಲ, ಅದಕ್ಕೆ ಅವರಿಗೆ ಒಂದು ರೂಪಾಯಿಯೂ ಸಿಗಲಿಲ್ಲ. ಹೆರಿಗೆ ವಿಭಾಗಕ್ಕೆ ಹೊಂದಿಕೊಂಡು ಒಂದು ಚಿಕ್ಕ ಕೋಣೆ, ಜಾಳಿಗೆ ಹಾಕಿದ ಕಿಟಕಿ, ನಾಲ್ಕು ಹಾಸಿಗೆ, ಸೊಳ್ಳೆ ಪರದೆ, ಒಂದು ಫ್ರಿಜ್ಜು, ಸಂಬಳ ಪಡೆಯುವ ಒಬ್ಬ ಆಯಾ: ಕಲಬುರಗಿ, ಬೀದರ, ಯಾದಗಿರಿಯ ಜಿಲ್ಲಾ ಆಸ್ಪತ್ರೆಗಳಿಂದಲೇ ಇದನ್ನು ಆರಂಭಿಸಬಹುದು. ಬೇಕಾಗುವ ಸಾಮಾನಿನ ಪಟ್ಟಿಯನ್ನು ನಾನೂ ನನ್ನ ಜೋಡಿಗಾರ್ತಿಯೂ ಕೂತು ಬರೆದು ತಂದಿದ್ದೇವೆ. ಸಭೆ ಮುಗಿದ ಮೇಲೆ ಅದನ್ನು ಪ್ರಾಚಾರ್ಯರ ಕೈಗೆ ಕೊಡುತ್ತೇನೆ. ಈ ಬೇಡಿಕೆಗೆ ಸಹಿ ಮಾಡುವವರು ದಯವಿಟ್ಟು ಅಲ್ಲಿಗೆ ಬನ್ನಿ.