ಮನೆಯ ಕಾಕ್‌ಟೇಲಿನಲ್ಲಿ ನೀರಿನ ಲೆಕ್ಕ

ಗೋವಾದಲ್ಲಿ ನೆಲೆ ನಿಂತ ಕನ್ನಡ ಬಂಧುಗಳಿಗೆಲ್ಲ ನಮಸ್ಕಾರ.

ಮನೆಯಲ್ಲಿ ಬೆರೆಸಿದ ಕಾಕ್‌ಟೇಲ್ ಕೆಟ್ಟಾಗ ಎಲ್ಲರೂ ದೂರುವುದು ಬಾಟಲಿಯನ್ನೇ. ಇನ್ನೂ ದುಬಾರಿಯದು ತರಬೇಕಿತ್ತು ಎನ್ನುತ್ತಾರೆ. ಆದರೆ ತಪ್ಪು ಬಹುಮಟ್ಟಿಗೆ ಐಸಿನಲ್ಲಿರುತ್ತದೆ, ಇಲ್ಲವೇ ಅಳತೆಯಲ್ಲಿ. ಐಸ್ ಹಾಕಿ ಚೆನ್ನಾಗಿ ಕುಲುಕಿದ ಪಾನೀಯದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕರಗಿದ ನೀರೇ ಇರುತ್ತದೆ. ಆ ನೀರೂ ಒಂದು ಪದಾರ್ಥ ಎಂದು ತಿಳಿಯಬೇಕು. ಕಡಿಮೆಯಾದರೆ ಮದ್ಯ ಗಂಟಲು ಸುಡುತ್ತದೆ, ಹುಳಿ ಚುಚ್ಚುತ್ತದೆ. ಹೆಚ್ಚಾದರೆ ಎಲ್ಲವೂ ಸಪ್ಪೆ.

ಹಾಗಾಗಿ ಮೊದಲು ಐಸ್. ನಮ್ಮ ಮನೆಗಳ ಫ್ರೀಜರಿನಲ್ಲಿ ಸಿಗಡಿ, ಬಂಗಡೆ ಇದ್ದೇ ಇರುತ್ತವೆ. ತೆರೆದ ಟ್ರೇಯಲ್ಲಿಟ್ಟ ಐಸ್ ಎರಡೇ ದಿನಕ್ಕೆ ಆ ವಾಸನೆ ಹಿಡಿಯುತ್ತದೆ, ಆಮೇಲೆ ಎಂಥ ಜಿನ್ ಹಾಕಿದರೂ ಪ್ರಯೋಜನವಿಲ್ಲ. ಐಸ್ ಗಟ್ಟಿಯಾದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿಡಿ. ಎರಡನೆಯ ವಿಷಯ, ಗೋವಾದ ಸೆಕೆಯಲ್ಲಿ ಬಟ್ಟಲಿಗೆ ತೆಗೆದಿಟ್ಟ ಐಸ್ ಹತ್ತೇ ನಿಮಿಷಕ್ಕೆ ಬೆವರುತ್ತದೆ. ಆ ಒದ್ದೆ ಐಸಿನ ಮೈಮೇಲಿನ ನೀರು ಕುಲುಕುವ ಮೊದಲೇ ಪಾನೀಯಕ್ಕೆ ಸೇರಿಬಿಡುತ್ತದೆ. ಬೇಕಾದಾಗಷ್ಟೇ ಹೊರತೆಗೆಯಿರಿ. ಒದ್ದೆಯಾಗಿದ್ದರೆ ಆ ನೀರು ಬಸಿದು ಬಳಸಿ. ದೊಡ್ಡ ತುಂಡು ನಿಧಾನವಾಗಿ ಕರಗುತ್ತದೆ, ಆದ್ದರಿಂದ ಕುಡಿಯುವ ಲೋಟಕ್ಕೆ ದೊಡ್ಡದು, ಕುಲುಕಲು ಟ್ರೇಯ ಸಾಮಾನ್ಯ ತುಂಡು.

ಸಲಕರಣೆಗೆ ಹೆಚ್ಚು ಖರ್ಚು ಬೇಡ. 30 ಮತ್ತು 60 ಮಿಲಿಯ ಪೆಗ್ ಅಳತೆ ಒಂದು, 5 ಮಿಲಿಯ ಟೀ ಚಮಚ ಒಂದು. ಶೇಕರ್ ಇಲ್ಲವೆಂದರೆ ಅಗಲ ಬಾಯಿಯ, ಬಿಗಿ ಮುಚ್ಚಳದ ಸ್ಟೀಲ್ ಬಾಟಲಿ ನಡೆಯುತ್ತದೆ. ಗಾಜಿನ ಜಾಡಿ ಬೇಡ, ಐಸ್ ಬಡಿದು ಒಡೆಯಬಹುದು. ಚಹಾ ಸೋಸುವ ಜಾಲರಿ ಐಸಿನ ಚೂರು, ನಿಂಬೆಯ ತಿರುಳು ಎರಡನ್ನೂ ತಡೆಯುತ್ತದೆ. ಕಣ್ಣಂದಾಜಿನಲ್ಲಿ ಸುರಿಯುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು. ನಿಂಬೆರಸ 10 ಮಿಲಿ ಹೆಚ್ಚಾದರೆ ಸಾಕು, ಇಡೀ ಲೋಟದ ರುಚಿ ಬದಲಾಗುತ್ತದೆ.

ರಾಮನವಮಿಯ ಪಾನಕ ಮಾಡಿ ಗೊತ್ತಿರುವವರಿಗೆ ಕಾಕ್‌ಟೇಲಿನ ಅರ್ಧ ವಿದ್ಯೆ ಬಂದಂತೆಯೇ. ಬೆಲ್ಲದ ಸಿಹಿಗೆ ನಿಂಬೆಯ ಹುಳಿ ಸರಿಕಟ್ಟುವುದು, ಮೇಲೆ ಶುಂಠಿಯ ಖಾರ. ಕ್ಯೂಬಾದ ಡೈಕಿರಿ ನಿಂತಿರುವುದೂ ಇದೇ ಲೆಕ್ಕದ ಮೇಲೆ: ಬಿಳಿ ರಮ್ 60 ಮಿಲಿ, ನಿಂಬೆರಸ 25, ಸಕ್ಕರೆ ಪಾಕ 20. ಈ ಒಂದು ಅಳತೆ ಕೈಗೆ ಹತ್ತಿದರೆ ರಮ್ ಜಾಗದಲ್ಲಿ ಜಿನ್, ವಿಸ್ಕಿ, ಫೆನಿ ಯಾವುದನ್ನಾದರೂ ಕೂರಿಸಬಹುದು.

ಫೆನಿಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಗೇರು ಮರ ಪೋರ್ಚುಗೀಸರ ಜೊತೆ ಬ್ರೆಜಿಲ್‌ನಿಂದ ಬಂದದ್ದು. ಗೋವಾದ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹಣ್ಣಿನ ರಸವನ್ನು ಹುಳಿಯಲು ಬಿಟ್ಟು ಭಟ್ಟಿ ಇಳಿಸಿದಾಗ ಮೊದಲು ಬರುವುದು ಉರ್ರಾಕ್. ಅದನ್ನು ಹುಳಿದ ರಸದೊಂದಿಗೆ ಮತ್ತೆ ಇಳಿಸಿದರೆ ಫೆನಿ. ಬಾಟಲಿಯ ಫೆನಿಯಲ್ಲಿ ಸಾಮಾನ್ಯವಾಗಿ ಶೇಕಡಾ 42.8 ಮದ್ಯಸಾರವಿರುತ್ತದೆ. ವಿಸ್ಕಿಯಂತೆ ಮರದ ಪೀಪಾಯಿಯ ಬಣ್ಣ, ಮೆದುತನ ಅದಕ್ಕಿಲ್ಲ. ಕಳಿತ ಹಣ್ಣಿನ ಗಾಢ ವಾಸನೆಯೇ ಅದರ ಗುಣ. ಅದನ್ನು ಮುಚ್ಚಿಹಾಕಲು ಕೋಲಾ ಸುರಿಯುವುದು ನನ್ನ ಪ್ರಕಾರ ಗೇರು ಹಣ್ಣಿಗೆ ಮಾಡುವ ಅನ್ಯಾಯ. ಪ್ರಮಾಣ ತಗ್ಗಿಸಿ, ಹುಳಿ ಮತ್ತು ಉಪ್ಪು ಜೊತೆಗೂಡಿಸಿ. ವಾಸನೆ ತಾನಾಗಿ ಹದಕ್ಕೆ ಬರುತ್ತದೆ.

ಹೀಗೆ ಮಾಡಿ: ಫೆನಿ 45 ಮಿಲಿ, ಆಗ ಹಿಂಡಿದ ನಿಂಬೆರಸ 20, ಬೆಲ್ಲದ ಪಾಕ 20, ಒಂದು ಚಿಟಿಕೆ ಉಪ್ಪು. ಶೇಕರಿನ ಮುಕ್ಕಾಲು ಭಾಗ ಐಸ್ ತುಂಬಿ ಹನ್ನೆರಡರಿಂದ ಹದಿನೈದು ಸೆಕೆಂಡು ಜೋರಾಗಿ ಕುಲುಕಿ. ಐಸ್ ಕಡಿಮೆ ಹಾಕಿದರೆ ನೀರು ಕಡಿಮೆಯಾದೀತು ಎಂದು ಹಲವರು ಭಾವಿಸುತ್ತಾರೆ. ಆಗುವುದು ಅದರ ವಿರುದ್ಧ. ನಾಲ್ಕೇ ತುಂಡು ಹಾಕಿದರೆ ಪಾನೀಯ ತಣ್ಣಗಾಗುವಷ್ಟರಲ್ಲಿ ಅವು ಪೂರ್ತಿ ಕರಗಿಹೋಗುತ್ತವೆ. ಮೊದಲೇ ಫ್ರಿಜ್ಜಿನಲ್ಲಿಟ್ಟ ಲೋಟಕ್ಕೆ ಸೋಸಿ. ಹುಳಿ ಮುಂದಾದರೆ ಪಾಕ 5 ಮಿಲಿ ಸೇರಿಸಿ. ಮದ್ಯ ಚುರುಗುಟ್ಟಿದರೆ ಕುಲುಕಿದ್ದು ಸಾಲದು ಎಂದರ್ಥ, ಇನ್ನೂ ಐದು ಸೆಕೆಂಡು ಕುಲುಕಿ. ಪೂರ್ತಿ ಸಪ್ಪೆಯಾದರೆ ಸರಿಪಡಿಸಲಾಗದು, ಇನ್ನೊಮ್ಮೆ ನೀರು ಬಸಿದ ಐಸಿನಿಂದ ಶುರುಮಾಡಿ.

ಬೆಲ್ಲದ ಪಾಕಕ್ಕೆ 200 ಗ್ರಾಂ ಬೆಲ್ಲ, 200 ಮಿಲಿ ನೀರು. ಸಣ್ಣ ಉರಿಯಲ್ಲಿ ಕರಗಿದರೆ ಸಾಕು, ಕುದಿಸುತ್ತ ನಿಲ್ಲಬೇಡಿ. ನೀರು ಆವಿಯಾಗಿ ಪಾಕ ಗಟ್ಟಿಯಾದರೆ ಅದೇ 20 ಮಿಲಿಯಲ್ಲಿ ಸಿಹಿ ಹೆಚ್ಚಾಗಿ ಅಳತೆಯೆಲ್ಲ ತಪ್ಪುತ್ತದೆ. ಬೆಲ್ಲದಲ್ಲಿ ಮರಳಿರುತ್ತದೆ, ತೆಳು ಬಟ್ಟೆಯಲ್ಲಿ ಸೋಸಿ. ಫ್ರಿಜ್ಜಿನಲ್ಲಿಟ್ಟು ಎರಡು ವಾರದೊಳಗೆ ಮುಗಿಸಿ. ನಿಂಬೆರಸವಾದರೋ ಅಂದಿನದು ಅಂದಿಗೆ. ಮರುದಿನಕ್ಕೆ ಅದರ ಪರಿಮಳ ಹೋಗಿ ಕಹಿ ತಲೆಯೆತ್ತುತ್ತದೆ.

ಉರ್ರಾಕ್ ಬೇಸಿಗೆಯ ಅತಿಥಿ. ಗೇರು ಹಣ್ಣಿನ ಕಾಲ ಮುಗಿದರೆ ಅದೂ ಮುಗಿಯಿತು. ಅದರ ಕಡುಪು ಶೇಕಡಾ 15ರ ಆಸುಪಾಸು, ಆದ್ದರಿಂದ 90 ಮಿಲಿ ಹಾಕಬಹುದು. ಸೀಳಿದ ಹಸಿಮೆಣಸಿನಕಾಯಿ ಒಂದು, ಅರ್ಧ ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು, ಮೇಲೆ ತಣ್ಣಗಿನ ಲಿಮ್ಕಾ 120 ಮಿಲಿ. ಲಿಮ್ಕಾದಲ್ಲೇ ಸಕ್ಕರೆಯಿದೆ, ಪಾಕ ಬೇಡ. ಉರ್ರಾಕನ್ನು ಮೊದಲೇ ಫ್ರಿಜ್ಜಿನಲ್ಲಿಡಿ. ಕಡುಪು ಕಡಿಮೆಯಿರುವುದರಿಂದ ಐಸ್ ಕರಗಿದಂತೆ ಬೇಗ ನೀರಾಗುತ್ತದೆ. ಲೇಬಲ್ಲಿಲ್ಲದ ಬಾಟಲಿಗಳಲ್ಲಿ ಕಡುಪು ಒಂದೇ ಸಮ ಇರುವುದಿಲ್ಲ. ಪರವಾನಗಿಯ ಅಂಗಡಿಯಿಂದಲೇ ತನ್ನಿ, ಮೊದಲ ಲೋಟವನ್ನು 60 ಮಿಲಿಯಲ್ಲಿ ಮಾಡಿ ನೋಡಿ.

ಜಿನ್ ಮತ್ತು ಟಾನಿಕ್ (ಕಹಿ ರುಚಿಯ ಗ್ಯಾಸ್ ಪಾನೀಯ) ಸುಲಭ: ಜಿನ್ 45, ಟಾನಿಕ್ 120, ಲೋಟದ ತುಂಬ ಐಸ್. ಬೆಚ್ಚಗಿನ ಟಾನಿಕ್ ಸುರಿದ ತಕ್ಷಣ ನೊರೆಯೆದ್ದು ಗ್ಯಾಸ್ ಹೋಗಿಬಿಡುತ್ತದೆ, ಅದಕ್ಕೇ ಅದು ತಣ್ಣಗಿರಬೇಕು. ಚಮಚದಿಂದ ತಳದಿಂದ ಒಮ್ಮೆ ಎತ್ತಿದರೆ ಸಾಕು. ಗ್ಯಾಸ್ ಇರುವ ಯಾವುದನ್ನೂ ಶೇಕರಿನೊಳಗೆ ಹಾಕಬೇಡಿ, ಮುಚ್ಚಳ ಹಾರುತ್ತದೆ.

ನಿಂಬೆರಸ ಇಲ್ಲದ ಪಾನೀಯವನ್ನು ಕುಲುಕಬಾರದು, ಕಲಕಬೇಕು. ಕುಲುಕಿದರೆ ಗಾಳಿಗುಳ್ಳೆ ಸೇರಿ ಮಸುಕಾಗುತ್ತದೆ, ನಾಲಿಗೆಗೆ ಸಿಗಬೇಕಾದ ನುಣುಪು ಹೋಗುತ್ತದೆ. ಇಟಲಿಯ ನೆಗ್ರೋನಿ ಇದಕ್ಕೆ ಒಳ್ಳೆಯ ಉದಾಹರಣೆ: ಜಿನ್, ಕಂಪಾರಿ ಎಂಬ ಕಹಿ ಕೆಂಪು ಮದ್ಯ, ಸಿಹಿ ವರ್ಮೂತ್ ತಲಾ 30 ಮಿಲಿ, ಐಸಿನೊಂದಿಗೆ ಮೂವತ್ತು ಸೆಕೆಂಡು ಕಲಕುವುದು, ದೊಡ್ಡ ಐಸ್ ತುಂಡಿನ ಮೇಲೆ ಸೋಸುವುದು. ಇಲ್ಲಿ ಕೆಡುವುದು ಸಾಮಾನ್ಯವಾಗಿ ವರ್ಮೂತ್. ಅದು ದ್ರಾಕ್ಷಾರಸದ ಜಾತಿ, ತೆರೆದ ಮೇಲೆ ಕಪಾಟಿನಲ್ಲಿಟ್ಟರೆ ಗಾಳಿ ತಾಗಿ ಸವಕಲಾಗುತ್ತದೆ. ಫ್ರಿಜ್ಜಿನಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಬೇಕು. ಮನೆಗೆ ಎಂಟು ಜನ ಬರುವವರಿದ್ದರೆ ಮೂರನ್ನೂ ತಲಾ 250 ಮಿಲಿ ಅಳೆದು ಲೀಟರ್ ಬಾಟಲಿಗೆ ಹಾಕಿ, 190 ಮಿಲಿ ಕುಡಿಯುವ ನೀರು ಸೇರಿಸಿ ನಾಲ್ಕು ತಾಸು ಫ್ರಿಜ್ಜಿನಲ್ಲಿಡಿ. ಐಸ್ ಕರಗಿ ಬರಬೇಕಿದ್ದ ನೀರನ್ನು ನಾವೇ ಕೊಟ್ಟಂತಾಯಿತು. ಫ್ರೀಜರಿಗೆ ಬೇಡ, ಇಷ್ಟು ನೀರು ಸೇರಿದ ಮೇಲೆ ಹರಳುಗಟ್ಟಬಹುದು.

ಕೊನೆಯದಾಗಿ ಕೋಕಂ, ನಮ್ಮ ಕುಮಟಾ, ಹೊನ್ನಾವರದವರ ಮುರುಗಲು. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಆಗಳ್ ಉಪ್ಪು ಹಾಕಿದ ಗಟ್ಟಿ ರಸ. ಬೇರೆ ಉಪ್ಪು ಹಾಕಿದರೆ ಬಾಯಿಗಿಡಲಾಗದು. ಫೆನಿ 45, ಆಗಳ್ 10, ಬೆಲ್ಲದ ಪಾಕ 20, ನಿಂಬೆರಸ 5 ಮಿಲಿ ಕುಲುಕಿ ಸೋಸಿ, ಐಸ್ ತುಂಬಿದ ಎತ್ತರದ ಲೋಟದಲ್ಲಿ 90 ಮಿಲಿ ಸೋಡಾ ಬೆರೆಸಿ. ಹಣ್ಣಿನ ವಾಸನೆಯ ಫೆನಿಗೆ ಕೋಕಮ್ಮಿನ ಒಗರು ಹುಳಿಯಷ್ಟು ಚೆನ್ನಾಗಿ ಹೊಂದುವುದು ಬೇರೊಂದಿಲ್ಲ.

ವಾಸ್ಕೋ, ಮಡಗಾಂವ್ ಕಡೆಗೆ ರಾತ್ರಿ ಗಾಡಿ ಓಡಿಸಿಕೊಂಡು ಹೋಗುವವರು ಮನೆಗೆ ಬಂದಿರುತ್ತಾರೆ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ, ಮೇಲೆ ಹೇಳಿದ ಒಂದೇ ಲೋಟ ಅದನ್ನು ದಾಟಿಸಬಹುದು. ಅವರಿಗೆ ಫೆನಿ ಬಿಟ್ಟು ಉಳಿದದ್ದೆಲ್ಲ ಅದೇ ಅಳತೆಯಲ್ಲಿ ಹಾಕಿ, ಸೋಡಾ 150 ಮಿಲಿಗೆ ಏರಿಸಿ, ನಾಲ್ಕು ಹನಿ ಶುಂಠಿ ರಸ ಬಿಡಿ. ಮದ್ಯದ ಖಾರ ಇಲ್ಲದ ಜಾಗವನ್ನು ಶುಂಠಿ ತುಂಬುತ್ತದೆ.