ಆಕ್ಸಿಜನ್ ಸರಿಯಾಗಿದ್ರೂ ಮೀನು ಬಾಯಿ ಬಿಡ್ತಿದ್ಯಾ? ಆರ್‌ಎಎಸ್ (ಅದೇ ನೀರನ್ನ ಶೋಧಿಸಿ ಮತ್ತೆ ಬಳಸೋ) ಟ್ಯಾಂಕಲ್ಲಿ ನೈಟ್ರೈಟ್ ಕಾಟ

[ದೃಶ್ಯ: ತಿಲಾಪಿಯಾ ಮೀನು ನೀರಿನ ಮೇಲೆ ಬಂದು ಬಾಯಿ ಬಿಡ್ತಿರೋದು]

ಎಲ್ರಿಗೂ ನಮಸ್ಕಾರ. ಈ ಮೀನು ನೋಡಿ, ಉಸಿರು ಕಟ್ಟಿದ ಹಾಗೆ ಮೇಲೆ ಬಂದು ಬಾಯಿ ಬಿಡ್ತಿದೆ, ಆದ್ರೆ ನೀರಲ್ಲಿ ಕರಗಿರೋ ಆಕ್ಸಿಜನ್ ಅಳೆಯೋ ಡಿಓ ಮೀಟರ್ ಲೀಟರಿಗೆ 6 ಮಿಲಿಗ್ರಾಂ ತೋರಿಸ್ತಿದೆ, ಏರೇಟರೂ ಓಡ್ತಿದೆ. ಇಂಥ ಟೈಮಲ್ಲಿ ಜನ ಗಾಬರಿಯಾಗಿ ಯಾವುದೋ ಆಂಟಿಬಯೋಟಿಕ್ ತಂದು ಸುರಿದುಬಿಡ್ತಾರೆ. ಬೇಡ ಮಾರಾಯ್ರೆ! ಮೊದ್ಲು ಒಂದು ಮೀನು ಹಿಡಿದು ಕಿವಿರು ಎತ್ತಿ ನೋಡಿ, ಕೆಂಪಗಿರೋದು ಬಿಟ್ಟು ಚಾಕಲೇಟ್ ಕಲರ್‌ಗೆ ತಿರುಗಿದ್ರೆ ನೈಟ್ರೈಟ್ ಮೇಲೇ ಡೌಟ್ ಪಡಿ, ಟೆಸ್ಟ್ ಕಿಟ್ ತಗೊಳ್ಳಿ.

[ದೃಶ್ಯ: ಬಯೋಫಿಲ್ಟರ್]

32% ಪ್ರೋಟೀನ್ ಇರೋ ಫೀಡ್ 10 ಕೆಜಿ ಹಾಕಿದ್ರೆ ಸುಮಾರು 300 ಗ್ರಾಂ ಅಮೋನಿಯಾ ನೀರಿಗೆ ಬರುತ್ತೆ. ಬ್ಯಾಕ್ಟೀರಿಯಾ ಬೆಳೆಸಿ ನೀರು ಶುದ್ಧ ಮಾಡೋ ಬಯೋಫಿಲ್ಟರಲ್ಲಿರೋ ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಜಾತಿ ಆ ನೈಟ್ರೈಟನ್ನ ನೈಟ್ರೇಟ್ ಮಾಡುತ್ತೆ, ನೈಟ್ರೇಟ್ ಅಷ್ಟೇನೂ ತೊಂದ್ರೆ ಕೊಡಲ್ಲ. ಆದ್ರೆ ಈ ಎರಡನೇ ಜಾತಿ ಬೆಳೆಯೋದು ನಿಧಾನ, ಹೊಸ ಫಿಲ್ಟರ್ ಸೆಟ್ ಆಗೋಕೆ ತಿಂಗಳಿಂದ ಎರಡು ತಿಂಗಳು ಬೇಕು. ಮತ್ಸ್ಯ ಸಂಪದ ಯೋಜನೆ ಸಬ್ಸಿಡಿ ಬಂತು ಅಂತ ಟ್ಯಾಂಕ್ ಕಟ್ಟಿದ ವಾರಕ್ಕೇ ಫುಲ್ ಮರಿ ಬಿಟ್ರೆ ಇದೇ ಗತಿ. ಆಂಟಿಬಯೋಟಿಕ್ ಹಾಕಿದ್ರಂತೂ ಇರೋ ಬ್ಯಾಕ್ಟೀರಿಯಾನೂ ಸಾಯಬಹುದು.

ನೈಟ್ರೈಟ್ ರಕ್ತಕ್ಕೆ ಸೇರಿದ್ರೆ ಹಿಮೋಗ್ಲೋಬಿನ್ ಆಕ್ಸಿಜನ್ ಹೊರೋದನ್ನೇ ಬಿಡುತ್ತೆ, ಆಮೇಲೆ ನೀರಲ್ಲಿ ಎಷ್ಟಿದ್ರೇನು?

ಇದಕ್ಕೆ ಮದ್ದು ಉಪ್ಪು, ಅದರಲ್ಲಿರೋ ಕ್ಲೋರೈಡ್. ನೈಟ್ರೈಟ್ ಕಿವಿರಿನ ಒಳಗೆ ನುಗ್ಗೋದು ಕ್ಲೋರೈಡ್ ಹೋಗೋ ದಾರೀಲೇ, ಹಾಗಾಗಿ ನೀರಲ್ಲಿ ಕ್ಲೋರೈಡ್ ಜಾಸ್ತಿ ಇದ್ರೆ ನೈಟ್ರೈಟ್‌ಗೆ ಜಾಗ ಸಿಗಲ್ಲ. ನೈಟ್ರೈಟ್‌ನ ಕನಿಷ್ಠ 10 ಪಟ್ಟು ಕ್ಲೋರೈಡ್ ಇರ್ಲಿ. 10,000 ಲೀಟರ್ ಟ್ಯಾಂಕಲ್ಲಿ ನೈಟ್ರೈಟ್ ಲೀಟರಿಗೆ 5 ಮಿಲಿಗ್ರಾಂ ಇದ್ರೆ ಒಂದು ಕೆಜಿ ಕಲ್ಲುಪ್ಪು ಸಾಕಾಗುತ್ತೆ, ಬಕೆಟ್ಟಲ್ಲಿ ಕರಗಿಸಿ ನಿಧಾನಕ್ಕೆ ಹಾಕಿ. ಎಷ್ಟು ಚೀಪ್ ನೋಡಿ! ಜೊತೆಗೆ ಫೀಡ್ ನಿಲ್ಸಿ, ಸ್ವಲ್ಪ ನೀರು ಬದಲಾಯಿಸಿ.

ಇನ್ನೊಂದು, ಆಲ್ಕಲಿನಿಟಿ, ಅಂದ್ರೆ ಪಿಎಚ್ ಇಳಿಯದ ಹಾಗೆ ಹಿಡಿದಿಡೋ ನೀರಿನ ಶಕ್ತಿ. 1 ಗ್ರಾಂ ಅಮೋನಿಯಾನ ನೈಟ್ರೇಟ್ ಮಾಡೋಕೆ ಬ್ಯಾಕ್ಟೀರಿಯಾ 7 ಗ್ರಾಂ ಆಲ್ಕಲಿನಿಟಿ ತಿನ್ನುತ್ತೆ, ಅದು ಲೀಟರಿಗೆ 100 ಮಿಲಿಗ್ರಾಂಗಿಂತ ಕೆಳಗಿಳೀತು ಅಂದ್ರೆ ಅಡುಗೆ ಸೋಡಾ ಹಾಕಿ, ಆದ್ರೆ ಅಮೋನಿಯಾ ಜಾಸ್ತಿ ಇರೋವಾಗ ಒಂದೇ ಸಲ ಸುರೀಬೇಡಿ, ಪಿಎಚ್ ಏರಿದ್ರೆ ಅಮೋನಿಯಾ ವಿಷನೂ ಏರುತ್ತೆ.

ಉಪ್ಪು ನೈಟ್ರೈಟನ್ನ ತಡೆಯುತ್ತೆ ಅಷ್ಟೇ, ತೆಗೆಯಲ್ಲ. ನೀರು ಬದಲಾಯಿಸಿದಾಗ ಉಪ್ಪೂ ಹೋಗುತ್ತೆ, ಹೋದಷ್ಟನ್ನ ಮತ್ತೆ ಹಾಕಿ, ಕಿಟ್‌ನಲ್ಲಿ ನೈಟ್ರೈಟ್ ಇಳಿಯೋ ತನಕ.